ಇಡ್ಲಿ ಅಕ್ಕನಿಗೆ ಲೈಕ್ ಸಾಕು, ಸರ್ಟಿಫಿಕೇಟ್ ಕೊಡಿಸೋಣ

ಸಂತೆ ಗೇಟಿನ ಇಡ್ಲಿ ಅಕ್ಕನ್ನ ಎಬ್ಬಿಸ್ಬೇಕಾ, ಬಿಡ್ಬೇಕಾ? ಹೊಸೂರು ಸೀಮೆಯ ನಮ್ಮ ಕಡೆ ಒಂದು ತಿಂಗಳಿಂದ ಇದೇ ಮಾತು. ವಾಟ್ಸಾಪ್ ಗುಂಪಲ್ಲಿ, ಟೌನ್ ಬಸ್ಸಲ್ಲಿ, ಕೊನೆಗೆ ನಮ್ಮ ಬ್ಯಾಂಕಿನ ಕ್ಯೂನಲ್ಲೂ. ಪಾಸ್‌ಬುಕ್ ಎಂಟ್ರಿ ಹಾಕಿಸೋಕೆ ಬಂದ ಇಬ್ಬರು ಕೌಂಟರ್ ಮುಂದೆಯೇ ಜಗಳಕ್ಕೆ ನಿಂತು, ಸೆಕ್ಯೂರಿಟಿ ಅಣ್ಣ ಬಂದು ಬಿಡಿಸಿದ್ದೂ ಆಯ್ತು. ಊರಿನ ಹೆಸರು, ಅಕ್ಕನ ಹೆಸರು ಬೇಕಂತಲೇ ಇಲ್ಲಿ ಬರೆದಿಲ್ಲ. ಅವರ ಮುಖ ಈಗಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಫೋನುಗಳಲ್ಲಿ ಓಡಾಡ್ತಿದೆ. ನಮ್ಮ ಕಡೆಯೋರಿಗೆ ಯಾರು ಅಂತ ಗೊತ್ತು, ಮಿಕ್ಕವರಿಗೆ ಗೊತ್ತಾಗದಿದ್ರೂ ನಷ್ಟ ಇಲ್ಲ. ಯಾಕಂದ್ರೆ ಇಂಥ ಅಕ್ಕ ನಿಮ್ಮ ಊರಿನ ಸಂತೆ ಬಾಗಿಲಲ್ಲೂ ಇದ್ದೇ ಇರ್ತಾರೆ.

ಜತ್ತ, ಕಾಸರಗೋಡಿನ ಗೆಳೆಯರಿಗೆ ನಮ್ಮ ಸಂತೆ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳ್ಬೇಕು. ತಮಿಳುನಾಡಲ್ಲಿ ಇದನ್ನ ಉಳವರ್ ಸಂತೆ ಅಂತೀವಿ, ಅಂದ್ರೆ ಉಳುವವರ ಸಂತೆ. 1999ರ ನವೆಂಬರ್ 14ರಂದು ಕರುಣಾನಿಧಿ ಸರ್ಕಾರ ಮೊದಲನೆಯದನ್ನ ಮಧುರೆಯಲ್ಲಿ ತೆರೆಯಿತು. ಅದೇ ವರ್ಷ ಜನವರಿಯಲ್ಲಿ ಆಂಧ್ರದಲ್ಲಿ ರೈತು ಬಜಾರ್ ಶುರುವಾಗಿತ್ತು, ಆದವಾನಿ, ಮಡಕಶಿರಾ ಕಡೆಯವರಿಗೆ ಅದು ಗೊತ್ತಿರುತ್ತೆ. ಎರಡರ ಲೆಕ್ಕವೂ ಒಂದೇ: ದಲ್ಲಾಳಿ ಬೇಡ, ಬೆಳೆದವನೇ ಮಾರಲಿ. ಬೆಳೆದವನು ಅನ್ನೋದಕ್ಕೆ ಕಾರ್ಡ್ ಬೇಕು. ವಿಎಓ ಹತ್ರ ಜಮೀನಿನ ವಿವರ ಬರೆಸಿ, ತೋಟಗಾರಿಕೆಯವರು ಬಂದು ಬೆಳೆ ನೋಡಿ, ಫೋಟೋ ಅಂಟಿಸಿದ ಕಾರ್ಡ್ ಕೈಗೆ ಬಂದ ಮೇಲೆ ಒಳಗೆ ಜಾಗ. ಮಳಿಗೆಗೆ ಬಾಡಿಗೆ ಇಲ್ಲ, ತಕ್ಕಡಿಯೂ ಅವರೇ ಕೊಡ್ತಾರೆ. ಬೆಲೆಯನ್ನ ದಿನಾ ಬೆಳಗ್ಗೆ ಮಂಡಿ ರೇಟು, ಅಂಗಡಿ ರೇಟು ಎರಡನ್ನೂ ನೋಡಿ ಬೋರ್ಡಲ್ಲಿ ಬರೀತಾರೆ. ಮಂಡಿಗಿಂತ ಸುಮಾರು 20% ಜಾಸ್ತಿ, ಅಂಗಡಿಗಿಂತ ಸುಮಾರು 15% ಕಡಿಮೆ ಅನ್ನೋದು ಅದರ ಲೆಕ್ಕ. ಮಾರೋನಿಗೂ ಲಾಭ, ಕೊಳ್ಳೋನಿಗೂ ಲಾಭ, ನಡುವೆ ತಿನ್ನೋನಿಲ್ಲ. ಕಾಮರ್ಸ್ ಓದಿದ ನಮಗೆ ಇಷ್ಟು ಸರಳವಾದ, ಇಷ್ಟು ಚೆನ್ನಾದ ಸ್ಕೀಮು ಇನ್ನೊಂದು ಕಂಡಿಲ್ಲ.

ತಳಿ, ದೇಂಕಣಿಕೋಟೆ, ಬಾಗಲೂರು, ಬೇರಿಕೆ ಕಡೆಯಿಂದ ಟೊಮೇಟೊ, ಎಲೆಕೋಸು, ಹುರುಳಿಕಾಯಿ, ಕೊತ್ತಂಬರಿ, ಕ್ಯಾಪ್ಸಿಕಂ ಬರುತ್ತೆ. ತರೋರು ರಾತ್ರಿ ಎರಡು ಮೂರು ಗಂಟೆಗೆ ಮನೆ ಬಿಟ್ಟಿರ್ತಾರೆ. ಸಂಜೆಯೇ ಕಿತ್ತು, ತೊಳೆದು, ಕಟ್ಟು ಕಟ್ಟಿ, ಲಗೇಜ್ ಆಟೋದ ಹಿಂದೆ ಮೂಟೆ ಮೇಲೆ ಕೂತು ಬರೋ ಹೆಂಗಸರೇ ಜಾಸ್ತಿ. ಐದು ಗಂಟೆಗೆ ಒಳಗೆ ಜಾಗ ಹಿಡಿದ್ರೆ ಹನ್ನೊಂದರ ತನಕ ಏಳೋ ಹಾಗಿಲ್ಲ. ಆ ಹೊತ್ತಲ್ಲಿ ಹೋಟ್ಲು ಯಾವುದೂ ತೆರೆದಿರಲ್ಲ, ತೆರೆದಿದ್ರೂ ಮಳಿಗೆ ಬಿಟ್ಟು ಹೋಗೋಕಾಗಲ್ಲ.

ಅಕ್ಕ ಅಲ್ಲಿಗೆ ಬಂದಿದ್ದು ಈ ಹೊಟ್ಟೆಗಳಿಗೋಸ್ಕರ. ಹನ್ನೆರಡು ಹದಿಮೂರು ವರ್ಷದ ಹಿಂದೆ ಒಂದು ಸೀಮೆಎಣ್ಣೆ ಸ್ಟೌವ್, ಒಂದು ಇಡ್ಲಿ ಪಾತ್ರೆ ಇಟ್ಕೊಂಡು ಗೇಟಿನ ಎಡಗಡೆ ಕೂತ್ರು. ಆಮೇಲೆ ತಳ್ಳೋ ಗಾಡಿ ಬಂತು, ಗ್ಯಾಸ್ ಬಂತು. ಇಡ್ಲಿ, ಈರುಳ್ಳಿ ಬೋಂಡ, ನಿಂಬೆಹುಳಿ ಚಿತ್ರಾನ್ನ. ಎಂಟರ ಮೇಲೆ ಬಿಸಿ ಮುದ್ದೆ, ಉಪ್ಸಾರು. ಮಳಿಗೆ ಬಿಟ್ಟು ಬರೋಕಾಗದ ಹೆಂಗಸರಿಗೆ ಅಕ್ಕನ ಮಗಳು ತಟ್ಟೆ ಒಳಗೇ ತಗೊಂಡು ಹೋಗಿ ಕೊಡ್ತಾಳೆ. ಬೋಣಿ ಆಗದ ದಿನ ದುಡ್ಡು ನಾಳೆ. ಸಂತೆ ಮುಗಿಯೋ ಹೊತ್ತಿಗೆ ಉಳಿದ ಕೊತ್ತಂಬರಿ, ಕರಿಬೇವು, ಮೆತ್ತಗಾದ ಟೊಮೇಟೊ ಅಕ್ಕನೇ ಕೊಳ್ತಾರೆ. ಸಾಲಕ್ಕೆ ಸೊಪ್ಪು ವಜಾ. ಕಾಮರ್ಸ್‌ನವರು ನಾವು, ಈ ವಜಾ ಲೆಕ್ಕ ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದ್ರೂ ಒಂದು ದಿನವೂ ತಪ್ಪಿದ್ದನ್ನ ಕೇಳಿಲ್ಲ.

ಆಮೇಲೆ ರೀಲ್ ಬಂತು. ಬೆಂಗಳೂರು ಇಲ್ಲಿಂದ 40 ಕಿಲೋಮೀಟರ್ ಹತ್ತಿರ ಹತ್ತಿರ. ಭಾನುವಾರ ಬೈಕಲ್ಲಿ ಬಂದ ಯಾರೋ ಹುಡುಗರು ಮುದ್ದೆ ಉಪ್ಸಾರಿನ ಹಬೆ ಸಮೇತ ವಿಡಿಯೋ ಹಾಕಿದ್ರು. ಮುಂದಿನ ಭಾನುವಾರ ನೂರು ಜನ, ಅದರ ಮುಂದಿನದಕ್ಕೆ ಲೆಕ್ಕವೇ ಸಿಗಲಿಲ್ಲ. ಕಾರುಗಳು ಗೇಟಿಗೆ ಅಡ್ಡ. ಫೋನ್ ಹಿಡ್ಕೊಂಡು ಹಿಂದೆ ಹಿಂದೆ ನಡೆಯೋರು ಸೊಪ್ಪಿನ ಕಟ್ಟಿನ ಮೇಲೆ ಕಾಲಿಡೋದು. ಬಂದೋರಲ್ಲಿ ಒಳಗೆ ಹೋಗಿ ಒಂದು ಕಿಲೋ ಹುರುಳಿಕಾಯಿ ಕೊಂಡೋರು ಎಷ್ಟು ಅಂತ ಕೇಳಿದ್ರೆ, ಬೆರಳಲ್ಲಿ ಎಣಿಸಬಹುದು ಅಂತಾರೆ ಒಳಗಿನವರು. ತಿಂದ್ರು, ಫೋಟೋ ತೆಗೆದ್ರು, ಹೋದ್ರು.

ಅಕ್ಕನ ವಿರುದ್ಧ ಮಾತಾಡೋರನ್ನ ಹೊಟ್ಟೆಕಿಚ್ಚಿನೋರು ಅಂತ ತಳ್ಳಿಹಾಕೋದು ನಮ್ಮ ಹುಡುಗರಿಗೆ ಈಗ ರೂಢಿ ಆಗಿದೆ. ಅದು ಸರಿಯಲ್ಲ. ಗೇಟಿನ ಪಕ್ಕದ ಮೊದಲ ಮಳಿಗೆಗಳಲ್ಲಿ ಕೂರೋ ರೈತರ ಮಾತು ಕೇಳಿ. ಆಟೋ ಒಳಗೆ ಬರೋಕೆ ದಾರಿ ಇಲ್ಲ, ಮೂಟೆ ಇಳಿಸೋದು ಅರ್ಧ ಗಂಟೆ ತಡ. ಐದೂವರೆಯಿಂದ ಏಳರ ತನಕ ಹೋಟ್ಲಿನವರು, ಮೆಸ್ಸಿನವರು ಬಂದು ರಾಶಿ ಕೊಳ್ಳೋ ಹೊತ್ತು, ಆ ಹೊತ್ತಲ್ಲಿ ಅರ್ಧ ಗಂಟೆ ಹೋದ್ರೆ ಆ ದಿನದ ವ್ಯಾಪಾರವೇ ಹೋದಂಗೆ. ಎಂಜಲು ತಟ್ಟೆ ತೊಳೆದ ನೀರು ನೇರ ಕಾಲುದಾರಿಗೆ. ತಳಿ ಕಡೆಯ ಒಬ್ಬ ಗೌಡ್ರು ಕೇಳಿದ ಪ್ರಶ್ನೆಗೆ ನಮ್ಮ ಹತ್ರ ತಕ್ಷಣ ಉತ್ತರ ಇರಲಿಲ್ಲ: "ಒಂದು ಕಾರ್ಡಿಗೆ ನಾನು ನಾಲ್ಕು ಸಲ ಅಲೆದೆ. ಆಚೆ ಕೂರೋರಿಗೆ ಕಾಗದ ಏನೂ ಬೇಡ್ವೇನಪ್ಪ? ಅವರು ಚೆನ್ನಾಗಿ ಮುದ್ದೆ ಮಾಡ್ತಾರೆ, ಸರಿ. ನಾನು ಚೆನ್ನಾಗಿ ಕೋಸು ಬೆಳೀತೀನಿ. ನನಗೆ ಯಾರು ಕಾರ್ಡ್ ಮಾಫಿ ಮಾಡಿದ್ರು?"

ಎದುರಿನ ಸಾಲಿನ ಹೋಟ್ಲಿನವರದ್ದೂ ಒಂದು ದೂರಿದೆ: ನಾವು ಬಾಡಿಗೆ ಕಟ್ತೀವಿ, ಕರೆಂಟ್ ಬಿಲ್ ಕಟ್ತೀವಿ, ಲೈಸೆನ್ಸ್ ಮಾಡಿಸ್ತೀವಿ, ಆಕೆ ಏನೂ ಇಲ್ಲದೆ ನಮ್ಮ ಗಿರಾಕೀನ ಕಿತ್ಕೊಳ್ತಾಳೆ. ಇದರಲ್ಲಿ ನಮಗೆ ಅಷ್ಟು ಹುರುಳು ಕಾಣಲಿಲ್ಲ. ಅವರು ತೆರೆಯೋದೇ ಏಳಕ್ಕೆ. ನೆರಳು, ನೀರು, ಬೆಂಚು, ಬಾಗಿಲು ಇರೋ ಅಂಗಡಿಗೂ ಮಳೆ ಬಂದ್ರೆ ಗಾಡಿ ಮೇಲೆ ಟಾರ್ಪಾಲ್ ಎಳೆಯೋ ವ್ಯಾಪಾರಕ್ಕೂ ಖರ್ಚು ಒಂದೇ ಇರ್ಬೇಕು ಅನ್ನೋದು ಲೆಕ್ಕ ಅಲ್ಲ.

ಇಷ್ಟೆಲ್ಲ ಚರ್ಚೆ ನಡೀತಾ ಇದ್ದಾಗ ಇನ್ನೊಂದು ನಡೀತು, ಅದರ ಬಗ್ಗೆ ಯಾರೂ ಒಂದು ಸ್ಟೇಟಸ್ ಕೂಡ ಹಾಕಲಿಲ್ಲ. ಗೇಟಿನ ಬಳಿ ಅಕ್ಕ ಒಬ್ಬರೇ ಅಲ್ಲ ಇರೋದು. ಬೇಯಿಸಿದ ಕಡಲೆಕಾಯಿ ಮಾರೋ ತಾತ ಇದ್ದಾರೆ. ಎಲೆ ಅಡಿಕೆ ಅಜ್ಜಿ ಇದ್ದಾರೆ. ಕತ್ತಿ, ಕುಡುಗೋಲಿಗೆ ಸಾಣೆ ಹಿಡಿಯೋ ಅಣ್ಣ, ಬಟ್ಟೆ ಚೀಲ ಮಾರೋ ಒಬ್ಬ ಹುಡುಗ. ಜನ ಜಾಸ್ತಿ ಆಯ್ತು, ದೂರು ಹೋಯ್ತು, ಒಂದು ಬೆಳಗ್ಗೆ ತೆರವು ಮಾಡೋ ಗಾಡಿ ಬಂತು. ಅಕ್ಕನ ಹತ್ರ ನಿಂತಾಗ ಹತ್ತು ಜನ ಫೋನ್ ಎತ್ತಿದ್ರು. ಬಂದವರು ಅಕ್ಕನಿಗೆ "ಸ್ವಲ್ಪ ಹಿಂದೆ ಹಾಕಿಕೊಳ್ಳಮ್ಮ" ಅಂದು ಮುಂದೆ ಹೋದ್ರು. ಕಡಲೆಕಾಯಿ ತಾತನ ತಕ್ಕಡಿ, ಕುಕ್ಕೆ ಎರಡೂ ಗಾಡಿಗೆ ಹತ್ತಿದ್ವು. ಚೀಟಿ ಕೊಡಲಿಲ್ಲ. ಬೆಂದ ಕಡಲೆಕಾಯಿ ಸಂಜೆಗೆ ಹಳಸಿ ಹೋಗುತ್ತೆ, ಅದನ್ನ ಯಾರು ವಾಪಸ್ ಕೇಳ್ತಾರೆ. ಎಲೆ ಅಡಿಕೆ ಅಜ್ಜಿ ಅವತ್ತಿಂದ ಬಂದಿಲ್ಲ.

ನಮ್ಮ ತಕರಾರು ಇರೋದು ಇಲ್ಲೇ. ಗುಂಪು ಸೇರಿ ಕೂಗಿದ್ದಕ್ಕೆ ಅಕ್ಕ ಉಳಿದ್ರು. ಹಾಗಾದ್ರೆ ಅಕ್ಕ ಅಲ್ಲಿ ಕೂತಿರೋದು ಹಕ್ಕಿನಿಂದಲ್ಲ, ನಮ್ಮ ನಿಮ್ಮ ಇಷ್ಟದಿಂದ. ಇಷ್ಟ ಎಷ್ಟು ದಿನ ಇರುತ್ತೆ? ಇನ್ನೊಂದು ಊರಲ್ಲಿ ಇನ್ನೊಬ್ಬರ ದೊನ್ನೆ ಬಿರಿಯಾನಿ ರೀಲ್ ಬರೋ ತನಕ. ಆಮೇಲೆ ಇದೇ ಗಾಡಿ ಇನ್ನೊಂದು ಬೆಳಗ್ಗೆ ಬರುತ್ತೆ, ಫೋನ್ ಎತ್ತೋರು ಯಾರೂ ಇರಲ್ಲ. ರುಚಿ ಚೆನ್ನಾಗಿದೆ ಅಂತ ಒಬ್ಬರಿಗೆ ಜಾಗ, ಹೆಸರಿಲ್ಲ ಅಂತ ನಾಲ್ಕು ಜನಕ್ಕೆ ಇಲ್ಲ ಅನ್ನೋದು ನ್ಯಾಯ ಆಗಲ್ಲ. ಅಕ್ಕನನ್ನ ಕೇಳಿದ್ರೆ ಅವರೂ ಇದನ್ನೇ ಹೇಳ್ತಾರೆ. ತಾತನಿಗೆ ಮಾರನೇ ದಿನ ಕುಕ್ಕೆ ತಂದುಕೊಟ್ಟಿದ್ದು ಅವರೇ.

ಇದರ ನಡುವೆ ಒಂದು ಗುಂಪಲ್ಲಿ ಬಂದ ಮೆಸೇಜಿಗೆ ಉತ್ತರ ಕೊಡದೆ ಹೋದ್ರೆ ತಪ್ಪಾಗುತ್ತೆ. "ಆಕೆ ಕನ್ನಡದೋಳು ಅಂತ ಎಬ್ಬಿಸ್ತಿದ್ದಾರೆ, ಕನ್ನಡಿಗರೇ ಎದ್ದೇಳಿ" ಅಂತ. ನಮ್ಮ ಪೇಜಿಗೂ ಹಂಚಿ ಅಂತ ಕಳಿಸಿದ್ರು, ಹಂಚಲಿಲ್ಲ. ಗೇಟಿನ ದಾರಿ ಬಗ್ಗೆ ಮೊದಲು ದೂರು ಕೊಟ್ಟವರು ಒಳಗೆ ಕೂರೋ ನಮ್ಮ ಕನ್ನಡದ ರೈತರೇ. ಕುಕ್ಕೆ ಕಳ್ಕೊಂಡ ತಾತ ತಮಿಳರು, ಸಾಣೆ ಅಣ್ಣನ ಮನೆ ಮಾತು ತೆಲುಗು. ಅಕ್ಕ ಮೂರೂ ಭಾಷೇಲಿ ಸಾಲ ವಸೂಲಿ ಮಾಡ್ತಾರೆ. ಭಾಷೆಗೆ ಅನ್ಯಾಯ ಆದಾಗ ನಾವು ಕೂಗ್ತೀವಿ, ಆ ಕೂಗಿಗೆ ಬೆಲೆ ಇರ್ಬೇಕು ಅಂದ್ರೆ ಚರಂಡಿ ನೀರಿನ ಜಗಳಕ್ಕೆಲ್ಲ ಅದನ್ನ ಖರ್ಚು ಮಾಡ್ಬಾರ್ದು.

ಇನ್ನೊಂದು ಸಲಹೆ ಬಂದಿದೆ, ಮೇಲ್ನೋಟಕ್ಕೆ ಎಲ್ಲರಿಗೂ ಹಿಡಿಸಿದೆ: ಸಂತೆ ಒಳಗೆ ನಾಲ್ಕೈದು ಮಳಿಗೆ ಖಾಲಿ ಇವೆಯಲ್ಲ, ಅದರಲ್ಲಿ ಒಂದನ್ನ ಅಕ್ಕನಿಗೆ ಕೊಟ್ಟುಬಿಡಿ, ಜಗಳ ಮುಗೀತು. ಮುಗಿಯಲ್ಲ. ಒಳಗಿನ ಜಾಗ ಕಾರ್ಡ್ ಇರೋ ರೈತರದ್ದು. ಇವತ್ತು ಒಳ್ಳೇ ಅಕ್ಕನಿಗೆ ಅಂತ ಒಂದು ಬಾಗಿಲು ತೆಗೆದ್ರೆ, ನಾಳೆ ಅದೇ ಬಾಗಿಲಲ್ಲಿ ಮಂಡಿಯಿಂದ ಮೂಟೆ ತಂದು ಮಾರೋನು ಬರ್ತಾನೆ. ಈಗಲೇ ಯಾರದೋ ಕಾರ್ಡ್ ತೋರಿಸಿ ಯಾರೋ ಮಾರ್ತಾರೆ ಅನ್ನೋ ಗುಮಾನಿ ರೈತರಲ್ಲಿದೆ. ಖಾಲಿ ಮಳಿಗೆ ಯಾಕೆ ಖಾಲಿ ಇದೆ, ಕಾರ್ಡಿಗೆ ಅರ್ಜಿ ಹಾಕಿ ಕಾಯ್ತಿರೋ ರೈತರು ಎಷ್ಟು ಅಂತ ಕೇಳಿ, ಅದು ಬೇರೆ ಹೋರಾಟ. ಅಕ್ಕನ ಜಾಗ ಆಚೆಯೇ. ಆದ್ರೆ ಆಚೆ ಇರೋದಕ್ಕೂ ಕಾನೂನಿದೆ. ಗೌಡ್ರ ಪ್ರಶ್ನೆಗೆ ಉತ್ತರ ಅಲ್ಲಿದೆ: ಹೌದು, ಆಚೆ ಕೂರೋರಿಗೂ ಕಾಗದ ಬೇಕು, ಆ ಕಾಗದ ಕೊಡೋದು ಆಡಳಿತದ ಕೆಲಸ.

2014ರಲ್ಲಿ ಪಾರ್ಲಿಮೆಂಟ್ ಬೀದಿ ವ್ಯಾಪಾರಿಗಳ ಕಾಯ್ದೆ ಮಾಡಿತು. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಅನ್ನೋದು ಅದರ ಉದ್ದ ಹೆಸರು. ರಕ್ಷಣೆಯೂ ಇದೆ, ನಿಯಂತ್ರಣವೂ ಇದೆ, ಎರಡನ್ನೂ ಓದ್ಬೇಕು. ಪ್ರತಿ ಪಟ್ಟಣದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರ್ಬೇಕು. ಸಮಿತಿಯಲ್ಲಿ 40%ಕ್ಕೆ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಇರ್ಬೇಕು, ಅವರನ್ನ ವ್ಯಾಪಾರಿಗಳೇ ಆರಿಸ್ಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರ್ಬೇಕು. ಐದು ವರ್ಷಕ್ಕೆ ಒಂದು ಸಲವಾದ್ರೂ ಸರ್ವೆ ಮಾಡಿ, ಸಿಕ್ಕವರಿಗೆ ವ್ಯಾಪಾರ ಪ್ರಮಾಣಪತ್ರ ಕೊಡ್ಬೇಕು. ಎಲ್ಲಕ್ಕಿಂತ ಮುಖ್ಯ 3ನೇ ಸೆಕ್ಷನ್ನಿನ 3ನೇ ಉಪವಿಧಿ: ಸರ್ವೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗೋ ತನಕ ಯಾವ ಬೀದಿ ವ್ಯಾಪಾರಿಯನ್ನೂ ಎಬ್ಬಿಸೋ ಹಾಗಿಲ್ಲ, ಬೇರೆ ಕಡೆ ಕಳಿಸೋ ಹಾಗೂ ಇಲ್ಲ. ಆಮೇಲೆ ಎಬ್ಬಿಸ್ಬೇಕಾದ್ರೂ 30 ದಿನದ ನೋಟಿಸ್ ಬೇಕು. ಸಾಮಾನು ಎತ್ಕೊಂಡು ಹೋದ್ರೆ ಏನೇನು ಎತ್ತಿದ್ರು ಅಂತ ಪಟ್ಟಿ ಕೊಡಲೇಬೇಕು. ಕೆಟ್ಟುಹೋಗೋ ಪದಾರ್ಥ ಆದ್ರೆ ಕೇಳಿದ ದಿನವೇ, ಮಿಕ್ಕಿದ್ದು ಎರಡು ಕೆಲಸದ ದಿನದೊಳಗೆ ವಾಪಸ್. ತಾತನ ಕಡಲೆಕಾಯಿಗೆ ಈ ದೇಶದ ಕಾನೂನಲ್ಲಿ ಇಷ್ಟು ಮರ್ಯಾದೆ ಬರೆದಿಟ್ಟಿದೆ, ನಮ್ಮ ಪೇಟೇಲಿ ಅದನ್ನ ಓದಿದೋರು ಇಲ್ಲ ಅಷ್ಟೇ.

ಕಾನೂನಿನ ಇನ್ನೊಂದು ಮುಖವನ್ನೂ ಅಕ್ಕನ ಅಭಿಮಾನಿಗಳು ನೋಡ್ಬೇಕು. ಪ್ರಮಾಣಪತ್ರ ತಗೊಳ್ಳೋರು ತಾವೇ ಇಲ್ಲ ಮನೆಯವರೇ ವ್ಯಾಪಾರ ಮಾಡ್ಬೇಕು, ಬಾಡಿಗೆಗೆ ಬಿಡೋ ಹಾಗಿಲ್ಲ, ಮಾರೋ ಹಾಗಿಲ್ಲ. ಜಾಗ ಚೊಕ್ಕಟವಾಗಿ ಇಟ್ಕೋಬೇಕು. ಷರತ್ತು ಮೀರಿದ್ರೆ 2,000 ರೂಪಾಯಿವರೆಗೆ ದಂಡ. 1989ರಲ್ಲೇ ದೆಹಲಿಯ ಸೋದನ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಬೀದಿ ವ್ಯಾಪಾರವೂ ಸಂವಿಧಾನದ 19ನೇ ವಿಧಿ ಕೊಡೋ ಹಕ್ಕು ಅಂತ ಹೇಳಿದೆ. ಅದೇ ತೀರ್ಪು, ಇಂಥದ್ದೇ ಜಾಗ ನನಗೆ ಬೇಕು ಅನ್ನೋ ಹಕ್ಕು ಯಾರಿಗೂ ಇಲ್ಲ ಅಂತಲೂ ಹೇಳಿದೆ. ಹಾಗಾಗಿ ಗೇಟಿನ ಎಡಗಡೆಯ ಆ ಆರು ಅಡಿಯೇ ಬೇಕು ಅಂತ ಹಠ ಹಿಡಿಯೋಕಾಗಲ್ಲ. ಗೇಟಿಂದ ಇಪ್ಪತ್ತು ಮೂವತ್ತು ಅಡಿ ಆಚೆ, ಕಾಂಪೌಂಡ್ ಗೋಡೆ ಉದ್ದಕ್ಕೆ ಬಿಳಿ ಗೆರೆ ಎಳೆದು ಐದೂ ಜನಕ್ಕೆ ಜಾಗ ಗುರುತು ಮಾಡಿದ್ರೆ ಆಟೋಗೂ ದಾರಿ ಆಗುತ್ತೆ, ಅಕ್ಕನ ಮಗಳು ತಟ್ಟೆ ಹಿಡಿದು ಒಳಗೆ ಓಡೋಕೂ ದೂರ ಆಗಲ್ಲ. ನಾವು ಟೇಪ್ ಹಿಡಿದು ಅಳೆದು ನೋಡಿದ್ದೀವಿ, ಜಾಗ ಇದೆ.

ಪ್ರಮಾಣಪತ್ರ ಅಂದ್ರೆ ಎಬ್ಬಿಸದೇ ಇರೋಕೆ ಒಂದು ರಕ್ಷೆ ಮಾತ್ರ ಅಂತ ತಿಳ್ಕೋಬೇಡಿ. ಬ್ಯಾಂಕಿನವರಾಗಿ ನಮಗೆ ಅದು ಬೇರೆಯೇ ಥರ ಕಾಣುತ್ತೆ. ನಮ್ಮ ಕಡೆ ಬೀದಿ ವ್ಯಾಪಾರಿಗಳ ಬಂಡವಾಳ ಎಲ್ಲಿಂದ ಬರುತ್ತೆ ಗೊತ್ತಲ್ಲ, ತಂಡಲ್. ಹತ್ತು ಸಾವಿರ ಅಂತ ಬರ್ಕೊಂಡು ಕೈಗೆ ಕೊಡೋದು 8,500. ದಿನಕ್ಕೆ 100ರಂತೆ 100 ದಿನ ಕಟ್ಬೇಕು. ಕೇಳೋಕೆ 1,500 ರೂಪಾಯಿ ಬಡ್ಡಿ, ಏನಂಥ ಮಹಾ ಅನ್ಸುತ್ತೆ. ಆದ್ರೆ ಅಸಲು ಮೊದಲ ದಿನದಿಂದಲೇ ವಾಪಸ್ ಹೋಗ್ತಿರುತ್ತೆ, ಪೂರ್ತಿ 8,500 ಅವರ ಕೈಲಿ ಇರೋದು ಒಂದೇ ದಿನ. ಕೂತು ಲೆಕ್ಕ ಹಾಕಿದ್ರೆ ವರ್ಷಕ್ಕೆ ಸುಮಾರು 120% ಬಡ್ಡಿ. ಮನೆ ಸಾಲಕ್ಕೆ ಅರ್ಧ ಪರ್ಸೆಂಟ್ ಕಮ್ಮಿ ಮಾಡಿ ಅಂತ ಮ್ಯಾನೇಜರ್ ರೂಮಲ್ಲಿ ಒಂದು ಗಂಟೆ ಕೂರೋರನ್ನ ದಿನಾ ನೋಡ್ತೀವಿ. 120% ಕಟ್ಟೋರು ನಮ್ಮ ಗಾಜಿನ ಬಾಗಿಲು ತಳ್ಳೋಕೇ ಹೆದರ್ತಾರೆ.

ಇದಕ್ಕೆಂದೇ ಲಾಕ್‌ಡೌನ್ ಆದ ಮೇಲೆ, 2020ರ ಜೂನಲ್ಲಿ ಪಿಎಂ ಸ್ವನಿಧಿ ಬಂತು. ಅಡಮಾನ ಇಲ್ಲದ ಸಾಲ. ಮೊದಲ ಕಂತು 10,000 ಇದ್ದದ್ದು 2025ರ ತಿದ್ದುಪಡಿಯಲ್ಲಿ 15,000 ಆಯ್ತು. ಸರಿಯಾಗಿ ಕಟ್ಟಿದ್ರೆ 25,000, ಆಮೇಲೆ 50,000. ಕಂತು ತಪ್ಪದಿದ್ರೆ 7% ಬಡ್ಡಿ ಸಹಾಯಧನ ನೇರ ಖಾತೆಗೆ. ಇಷ್ಟಕ್ಕೂ ಕೇಳೋದು ಏನು? ಈತ ಬೀದಿ ವ್ಯಾಪಾರಿ ಅನ್ನೋ ಒಂದು ಕಾಗದ: ಪ್ರಮಾಣಪತ್ರ, ಗುರುತಿನ ಚೀಟಿ, ಅದಿಲ್ಲದಿದ್ರೆ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ. ಆಧಾರ್ ಇದೆ, ಪಾಸ್‌ಬುಕ್ ಇದೆ, ಹದಿಮೂರು ವರ್ಷದಿಂದ ದಿನಾ ಊರೆಲ್ಲ ನೋಡಿದ ವ್ಯಾಪಾರ ಇದೆ, ಆ ಒಂದು ಕಾಗದ ಇಲ್ಲ ಅಂತ ವಾಪಸ್ ಹೋದೋರನ್ನ ನಾವು ಕೌಂಟರಿನ ಈ ಕಡೆಯಿಂದ ನೋಡಿದ್ದೀವಿ. ಅಕ್ಕನಿಗೆ ಫಾಲೋವರ್ ಸಾವಿರಗಟ್ಟಲೆ ಇದ್ದಾರೆ. ಫಾಲೋವರ್ ಪಟ್ಟಿ ನೋಡಿ ಸಾಲ ಕೊಡೋ ಕಾಲಂ ನಮ್ಮ ಅರ್ಜಿಯಲ್ಲಿ ಇನ್ನೂ ಬಂದಿಲ್ಲ.

ರೀಲಿಂದ ಬಂದ ಇನ್ನೊಂದು ಭಯದ ಬಗ್ಗೆಯೂ ಹೇಳ್ಬೇಕು. ಯಾರೋ ಅಕ್ಕನಿಗೆ "ಕ್ಯೂಆರ್ ಕೋಡ್ ತೆಗೆದುಬಿಡಿ, ಜಿಎಸ್‌ಟಿ ನೋಟಿಸ್ ಬರುತ್ತೆ" ಅಂತ ಹೇಳಿ, ಅಕ್ಕ ಸ್ಟಿಕ್ಕರ್ ಕಿತ್ತುಹಾಕಿದ್ದಾರೆ. ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಗಿ, ಬೆಂಗಳೂರಿನ ಬೇಕರಿ, ಟೀ ಅಂಗಡಿಗಳಲ್ಲಿ 'ಕ್ಯಾಶ್ ಮಾತ್ರ' ಬೋರ್ಡು ಬಿದ್ದಿದ್ದು ನೆನಪಿರ್ಬೇಕು. ಆದ್ರೆ ಲೆಕ್ಕ ನೋಡಿ. ಅಡುಗೆ ಮಾಡಿ ಬಡಿಸೋದು ಸೇವೆ ಅಂತ ಲೆಕ್ಕ, ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಮಾತ್ರ ರಿಜಿಸ್ಟ್ರೇಷನ್. ವರ್ಷಕ್ಕೆ 300 ದಿನ ವ್ಯಾಪಾರ ಅಂದ್ರೆ ದಿನಕ್ಕೆ 6,600 ರೂಪಾಯಿಗಿಂತ ಜಾಸ್ತಿ ಆಗ್ಬೇಕು. ಅಕ್ಕನ ಮಾಮೂಲಿ ದಿನ ಅದರ ಹತ್ರವೂ ಇಲ್ಲ, ರೀಲಿನ ಭಾನುವಾರಗಳು ಬೇರೆ. ಕ್ಯೂಆರ್ ತೆಗೆದ್ರೆ ಹೋಗೋದು ನೋಟಿಸ್ ಭಯ ಅಲ್ಲ, ನಾಳೆ ಸಾಲಕ್ಕೆ ತೋರಿಸೋ ವ್ಯವಹಾರದ ದಾಖಲೆ. ಸ್ವನಿಧಿಯಲ್ಲಿ ಡಿಜಿಟಲ್ ವ್ಯವಹಾರಕ್ಕೆ ಕ್ಯಾಶ್‌ಬ್ಯಾಕ್ ಬೇರೆ ಇದೆ. ಒಂದು ನೋಟ್‌ಬುಕ್ಕಲ್ಲಿ ದಿನದ ವ್ಯಾಪಾರ ಬರೆದಿಡೋಕೆ ಅಕ್ಕನ ಮಗಳಿಗೆ ಹೇಳಿಕೊಟ್ಟಿದ್ದೀವಿ. ಅವಳೂ ಪ್ಲಸ್ ಟೂನಲ್ಲಿ ಕಾಮರ್ಸೇ, ನಮಗಿಂತ ಚುರುಕು.

ಅಕ್ಕನಿಗೆ ನಾವು ಹೇಳಿದ ಮಾತುಗಳೂ ಇವೆ. ಅವರ ಮುಂದೆ ಹೇಳದೆ ಇಲ್ಲಿ ಬರೀತಿಲ್ಲ. ತಟ್ಟೆ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆ ತಮಿಳುನಾಡಲ್ಲಿ 2019ರ ಜನವರಿ 1ರಿಂದಲೇ ನಿಷೇಧ. ಹತ್ತು ಹೆಜ್ಜೆ ಒಳಗೆ ಬಾಳೆ ಎಲೆ ಮಾರೋ ರೈತ ಕೂತಿರುವಾಗ ಪ್ಲಾಸ್ಟಿಕ್ ಯಾಕಕ್ಕ ಅಂದಿದ್ದಕ್ಕೆ, "ಎಲೆ ರೇಟು ನೀವು ಕೊಡ್ತೀರೇನಪ್ಪ" ಅಂದ್ರು. ನ್ಯಾಯವೇ. ತಟ್ಟೆಗೆ ಒಂದು ರೂಪಾಯಿ ಜಾಸ್ತಿ ಮಾಡಿ, ತಿನ್ನೋರು ಕೊಡ್ಲಿ. ಬೆಂಗಳೂರಿಂದ ಪೆಟ್ರೋಲ್ ಸುಟ್ಕೊಂಡು ಬರೋರಿಗೆ ಆ ಒಂದು ರೂಪಾಯಿ ಭಾರ ಅಲ್ಲ. ನಮ್ಮ ರೈತರಿಗೆ ಹಳೇ ರೇಟೇ ಇರ್ಲಿ ಅಂದ್ರೆ ಅದು ಅಕ್ಕನ ಇಷ್ಟ. ಬೋಂಡ ಕರಿದ ಎಣ್ಣೆಯನ್ನ ಮೂರು ದಿನ ಎಳೆಯೋದು ಬೇಡ, ನ್ಯೂಸ್‌ಪೇಪರಲ್ಲಿ ಕಟ್ಟಿಕೊಡೋದು ಬೇಡ. ತಟ್ಟೆ ತೊಳೆದ ನೀರಿಗೆ ಒಂದು ಡ್ರಮ್ ಇಡಿ. ಆಹಾರ ಸುರಕ್ಷತೆಯವರ ರಿಜಿಸ್ಟ್ರೇಷನ್ನಿಗೆ ಏಜೆಂಟ್ ಒಬ್ಬ ಸಾವಿರಗಟ್ಟಲೆ ಕೇಳಿದ್ನಂತೆ. ಆ ಅರ್ಜಿ ಆನ್‌ಲೈನಲ್ಲಿ ನಾವೇ ಹಾಕಿದ್ದೀವಿ.

ಗಡಿನಾಡಿನ ಹುಡುಗ ಹುಡುಗಿಯರೇ, ಕೆಲಸ ನಿಮ್ಮದಿದೆ. ನಮ್ಮ ಕಡೆ ವ್ಯಾಪಾರ ಮಾಡೋ ದೊಡ್ಡೋರಿಗೆ ಕನ್ನಡ ಓದೋಕೆ ಬರುತ್ತೆ, ಇಲ್ಲ ಏನೂ ಬರಲ್ಲ. ಅರ್ಜಿ ಇರೋದು ತಮಿಳಲ್ಲಿ. ನೀವು ಸ್ಕೂಲಲ್ಲಿ ತಮಿಳು ಕಲಿತೋರು, ಓದ್ತೀರಿ, ಬರೀತೀರಿ. ಆದವಾನಿಯೋರಿಗೆ ತೆಲುಗು, ಅಕ್ಕಲಕೋಟೆಯೋರಿಗೆ ಮರಾಠಿ, ಮಂಜೇಶ್ವರದೋರಿಗೆ ಮಲಯಾಳಂ. ಎರಡು ಭಾಷೆ ಕಲಿಯೋ ಹೊರೆ ಹೊತ್ತಿದ್ದೀವಲ್ಲ, ಅದನ್ನ ಇಂಥ ಕಡೆ ಇಳಿಸೋಣ. ಕಾಯ್ದೆ ದೇಶಕ್ಕೆಲ್ಲ ಒಂದೇ. ನಿಮ್ಮ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇದೆಯಾ, ಕೊನೇ ಸರ್ವೆ ಯಾವಾಗ ಆಯ್ತು, ಸಂತೆ ಬಾಗಿಲಲ್ಲಿ ಕೂರೋರಲ್ಲಿ ಎಷ್ಟು ಜನಕ್ಕೆ ಪ್ರಮಾಣಪತ್ರ ಕೊಟ್ಟಿದ್ದೀರಿ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕೋಕೆ 10 ರೂಪಾಯಿ. ರೀಲಿಗೆ ಹಾಕೋ ಡೇಟಾಗಿಂತ ಅಗ್ಗ.

ನಮ್ಮ ಊರಲ್ಲಿ ಶುರು ಮಾಡಿ ಆಗಿದೆ. ಗೇಟಿನ ಐದೂ ಜನದ್ದು, ಒಳದಾರಿಯ ಟೀ ಕ್ಯಾನ್ ಹೊತ್ತು ಮಾರೋ ಇಬ್ಬರದ್ದು, ಒಟ್ಟು ಏಳು ಅರ್ಜಿ. ಎಲೆ ಅಡಿಕೆ ಅಜ್ಜಿ ಮನೆ ಹುಡುಕಿ ಹೋಗಿ ಹೆಬ್ಬೆಟ್ಟು ತಗೊಂಡು ಬಂದ್ವಿ. ಬಿಳಿ ಗೆರೆಯ ಮನವಿಗೆ ಒಳಗಿನ ರೈತರಲ್ಲಿ ಮೂವತ್ತೆರಡು ಜನ ಸಹಿ ಹಾಕಿದ್ದಾರೆ, ಮೊದಲ ಸಹಿ ತಳಿ ಗೌಡ್ರದ್ದು. ಕೆಳಗೆ ಅವರೇ ಕೈಯಾರೆ ಒಂದು ಸಾಲು ಸೇರಿಸಿದ್ದಾರೆ, ಭಾನುವಾರ ಕಾರುಗಳನ್ನ ಹಳೇ ಬಸ್ ಸ್ಟ್ಯಾಂಡಲ್ಲೇ ನಿಲ್ಲಿಸ್ಬೇಕು ಅಂತ.

ಬರೋ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಸಂತೆಯ ಕಾಂಪೌಂಡ್ ಪಕ್ಕ ಕೂತಿರ್ತೀವಿ. ಪೇಟೆಯ ಮಿಕ್ಕ ಬೀದಿ ವ್ಯಾಪಾರಿಗಳನ್ನ ಕರ್ಕೊಂಡು ಬನ್ನಿ. ಆಧಾರ್ ಜೆರಾಕ್ಸ್, ಎರಡು ಫೋಟೋ, ಪಾಸ್‌ಬುಕ್ ಮೊದಲ ಪುಟ ಸಾಕು. ತಮಿಳು ಚೆನ್ನಾಗಿ ಬರೆಯೋರು ನಾಲ್ಕು ಜನ ಬೇಕು, ಪೆನ್ನು ನೀವೇ ತನ್ನಿ. ತಿಂಡಿ ಅಲ್ಲೇ ಆಗುತ್ತೆ, ದುಡ್ಡು ಕೊಟ್ಟು ತಿನ್ನಿ.